ಉಸಿರಿನ ಪೆಟ್ಟಿಗೆ

ಮನೆಯಲ್ಲಿ ಹಳೆಯ ವಸ್ತುವೊಂದು ಕೆಟ್ಟು ಕುಳಿತಿತೆಂದರೆ ಎರಡು ಪಕ್ಷಗಳು ಹುಟ್ಟಿಕೊಳ್ಳುವುದು ಲೋಕರೂಢಿ. ದುರಸ್ತಿ ಮಾಡಿಸಿದರೆ ಇನ್ನೂ ಹತ್ತು ವರ್ಷ ಬಾಳುತ್ತದೆಂಬುದು ಹಿರಿಯರ ಪಕ್ಷ. ದುರಸ್ತಿಗೆ ಸುರಿಯುವ ಹಣದಲ್ಲಿ ಹೊಸದೇ ಬರುತ್ತದೆಂಬುದು ಕಿರಿಯರ ಪಕ್ಷ. ಗಡಿಯಾರ, ಛತ್ರಿ, ಹೊಲಿಗೆಯಂತ್ರ ಇವುಗಳ ವಿಷಯದಲ್ಲಿ ಯಾವ ಪಕ್ಷ ಗೆದ್ದರೂ ಲೋಕವೇನೂ ಮುಳುಗುವುದಿಲ್ಲ. ಗಡಿಯಾರ ನಿಂತರೆ ಬಸ್ಸು ತಪ್ಪೀತು. ಛತ್ರಿ ಹರಿದರೆ ತಲೆ ನೆನೆದೀತು. ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯ ಗೃಹಿಣಿಯರಂತೂ ಈ ವ್ಯಾಜ್ಯಕ್ಕೆ ಕೌದಿಯೆಂಬ ಸೊಗಸಾದ ರಾಜಿಯನ್ನೇ ಕಂಡುಕೊಂಡಿದ್ದಾರೆ. ಉಟ್ಟು ಸವೆದ ಸೀರೆಯಲ್ಲಿ ಗಟ್ಟಿಯಿದ್ದ ಭಾಗವನ್ನು ಕತ್ತರಿಸಿ ಇಟ್ಟುಕೊಂಡು, ಜೀರ್ಣವಾದುದನ್ನು ನಿರ್ದಾಕ್ಷಿಣ್ಯವಾಗಿ ಬಿಟ್ಟು, ಪದರದ ಮೇಲೆ ಪದರವಿಟ್ಟು ಹೊಲಿದರೆ ಇನ್ನೊಂದು ತಲೆಮಾರು ಬೆಚ್ಚಗೆ ಮಲಗುತ್ತದೆ.

ಆದರೆ ಕೆಟ್ಟು ಕುಳಿತ ವಸ್ತು ಮನುಷ್ಯನ ಉಸಿರಿಗೇ ಸಂಬಂಧಪಟ್ಟದ್ದಾದರೆ? ಆಗ ಹಿರಿಯರ ಪಕ್ಷವೂ ಕಿರಿಯರ ಪಕ್ಷವೂ ಅಷ್ಟು ಸುಲಭವಾಗಿ ಮಾತನಾಡಲಾರವು. ಕಡಲಿನಿಂದ ಬಲುದೂರದ ಮಹಾಕೂಟದ ಆಸುಪಾಸಿನಲ್ಲಿ ಇಂಥದೊಂದು ಪ್ರಶ್ನೆ ಹುಟ್ಟಿತೆಂದರೆ ಓದುಗರಿಗೆ ಸೋಜಿಗವೆನಿಸೀತು.

ಮಹಾಕೂಟವನ್ನು ಕಾಣದವರು ಈ ನಾಡಿನಲ್ಲಿ ವಿರಳ. ಬಾದಾಮಿಯಿಂದ ಗುಡ್ಡದ ಕಾಲುದಾರಿಯನ್ನು ಹಿಡಿದು ನಡೆದು ಬಂದವನಿಗೆ, ಕೆಂಗಲ್ಲಿನ ಬೆಟ್ಟಗಳ ನಡುವೆ, ಮರಗಳ ನೆರಳಿನಲ್ಲಿ, ಚಾಲುಕ್ಯರ ಕಾಲದ ಗುಡಿಗಳ ಗುಂಪು ಥಟ್ಟನೆ ಎದುರಾಗುತ್ತದೆ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಇವು ದೊಡ್ಡವು. ಸುತ್ತಲೂ ಸಣ್ಣವು ಅನೇಕ. ನಡುವೆ ವಿಷ್ಣುಪುಷ್ಕರಣಿ. ಬೆಟ್ಟದ ಒಡಲಿನ ಚಿಲುಮೆಯೊಂದು ಹಗಲಿರುಳೂ ಅದನ್ನು ತುಂಬುತ್ತಲೇ ಇರುತ್ತದೆ. ಕೊಳದೊಳಗಣ ಪುಟ್ಟ ಮಂಟಪದಲ್ಲಿ ಪಂಚಮುಖದ ಲಿಂಗ. ಸುತ್ತಣ ಸೀಮೆಯೆಲ್ಲ ಬಿಸಿಲಿಗೆ ಬಾಯಾರಿ ಬಿರುಕು ಬಿಟ್ಟಾಗಲೂ ಇಲ್ಲಿ ನೀರು ತಣ್ಣಗೆ ತುಳುಕುತ್ತದೆ. ‘ದಕ್ಷಿಣ ಕಾಶಿ’ ಎಂದು ಜನ ಕರೆಯುವುದು ಭಕ್ತಿಯಿಂದಲೇ ಇರಬಹುದು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಬಂದವನಿಗೆ ಭಕ್ತಿಯಿಲ್ಲದೆಯೂ ಆ ಹೆಸರು ಒಪ್ಪಿಗೆಯಾಗುತ್ತದೆ.

ಈ ಕೊಳದಲ್ಲಿ ಸುತ್ತಲಿನ ಹಳ್ಳಿಗಳ ಎಷ್ಟೋ ಹುಡುಗರು ಈಜು ಕಲಿತಿದ್ದಾರೆ. ಅಂಥ ಹುಡುಗರಲ್ಲಿ ಒಬ್ಬ, ಬೆನ್ನಿಗೆ ಬೆಂಡು ಕಟ್ಟಿಕೊಂಡು ಇದೇ ಮೆಟ್ಟಿಲುಗಳಿಂದ ಧುಮುಕಿದವನು, 1986ರಲ್ಲಿ ನೌಕಾಪಡೆಗೆ ಸೇರಿದನು. ಊರಿನವರಿಗೆ ಅದೊಂದು ವಿನೋದವೇ ಆಗಿತ್ತು: ಸಮುದ್ರವನ್ನು ಚಿತ್ರದಲ್ಲಿ ಮಾತ್ರ ಕಂಡ ಮನೆತನದ ಹುಡುಗ ಸಮುದ್ರದ ಚಾಕರಿಗೆ ಹೋಗುವುದೆಂದರೇನು! ಕೊಚ್ಚಿಯಲ್ಲಿರುವ ನೌಕಾಪಡೆಯ ಮುಳುಗು ಶಾಲೆಯಲ್ಲಿ ಅವನು ತರಬೇತಿ ಪಡೆದನು. ಹಡಗುಗಳ ಅಡಿಭಾಗವನ್ನು ನೀರೊಳಗಿನಿಂದ ತಪಾಸಣೆ ಮಾಡುವ ಕೆಲಸದಲ್ಲಿ ನುರಿತನು. ಹದಿನೈದು ವರ್ಷದ ಸೇವೆ ಮುಗಿದ ಮೇಲೆ ಕೆಲವು ಋತುಗಳ ಕಾಲ ಮುರ್ಡೇಶ್ವರದಲ್ಲಿ ನಿಂತು, ಅಲ್ಲಿಂದ ಹತ್ತು ನಾಟಿಕಲ್ ಮೈಲಿಯಷ್ಟು ದೂರದ ನೇತ್ರಾಣಿ ದ್ವೀಪದ ಬಳಿ ಪ್ರವಾಸಿಗರನ್ನು ನೀರಿನಡಿಗೆ ಕರೆದೊಯ್ದು ಹವಳವನ್ನೂ ಬಣ್ಣದ ಮೀನುಗಳನ್ನೂ ತೋರಿಸಿದನು. ಮಳೆಗಾಲದಲ್ಲಿ ಕಡಲು ಕೆರಳಿ ಆ ಕೆಲಸ ನಿಲ್ಲುತ್ತದೆ. ಅಂಥದೊಂದು ಮಳೆಗಾಲದಲ್ಲಿ ಊರಿಗೆ ಬಂದವನು ತಾಯಿಯ ಅನಾರೋಗ್ಯದ ಕಾರಣ ಹಿಂದಿರುಗಿ ಹೋಗಲಿಲ್ಲ. ಬರುವಾಗ ಅವನೊಡನೆ ಬಂದದ್ದು ಒಂದು ಹಸಿರು ಬಣ್ಣದ ತಗಡಿನ ಪೆಟ್ಟಿಗೆ. ಅದರಲ್ಲಿ ಒಂದು ಗಾಳಿಯ ಸಿಲಿಂಡರು, ಒಂದು ರೆಗ್ಯುಲೇಟರು, ತೇಲುವುದಕ್ಕೂ ಮುಳುಗುವುದಕ್ಕೂ ಗಾಳಿ ತುಂಬಿ ಬಿಡುವ ಒಂದು ಜಾಕೀಟು, ಮುಖಕ್ಕೆ ಹಾಕುವ ಮಾಸ್ಕು, ಕಾಲಿಗೆ ತೊಡುವ ರಬ್ಬರಿನ ರೆಕ್ಕೆಗಳು. ಎಲ್ಲವೂ ಗೋವೆಯಲ್ಲಿ ಯಾರಿಂದಲೋ ಕೊಂಡವು, ಕೊಳ್ಳುವಾಗಲೇ ಹಳೆಯವು.

ಒಕ್ಕಲುತನದ ಊರಿನಲ್ಲಿ ಇವುಗಳಿಗೆ ಏನು ಕೆಲಸ ಎಂದು ಕೇಳಬಹುದು. ಕೆಲಸ ತಾನಾಗಿಯೇ ಹುಡುಕಿಕೊಂಡು ಬಂದಿತು. ಕಲ್ಲುಗಣಿಯ ಹಳೆಯ ಹೊಂಡಗಳಲ್ಲಿ ಮಳೆನೀರು ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಹೊಲಹೊಲಕ್ಕೂ ಕೃಷಿಹೊಂಡಗಳಾಗಿವೆ. ಬರದ ಸೀಮೆಗೆ ಅವು ವರವೆಂಬುದರಲ್ಲಿ ಸಂದೇಹವಿಲ್ಲ; ಆದರೆ ನೀರು ಇಂಗದಿರಲೆಂದು ಅವುಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೆನೆದಾಗ ಬೆಣ್ಣೆಯಂತೆ ಜಾರುತ್ತದೆ. ಒಮ್ಮೆ ಕಾಲು ಜಾರಿದ ಮಗುವಿಗೆ ಹಿಡಿದು ಮೇಲೇರಲು ಒಂದು ಹುಲ್ಲುಕಡ್ಡಿಯೂ ಅಲ್ಲಿರುವುದಿಲ್ಲ. ಇಂಥ ಅನಾಹುತವಾದಾಗ ಅಗ್ನಿಶಾಮಕ ದಳದವರೋ ಪೊಲೀಸರೋ ಕರೆ ಕಳುಹಿಸುತ್ತಾರೆ. ಹಸಿರು ಪೆಟ್ಟಿಗೆ ಟಂಟಂ ಗಾಡಿಯನ್ನೇರುತ್ತದೆ. ಅವನು ಇದಕ್ಕೆ ಹಣ ಪಡೆಯುವುದಿಲ್ಲ. ಸತ್ತವರನ್ನು ಮೇಲೆತ್ತುವ ಕೆಲಸಕ್ಕೆ ಕೂಲಿ ಗೊತ್ತುಮಾಡಲು ಅವನಿಗೆ ಮನಸ್ಸು ಬಂದಿಲ್ಲ.

ಅವನ ಜೊತೆಗೆ ಹೋಗುವವನು ಅವನ ಅಣ್ಣನ ಮಗ. ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕ, ವಯಸ್ಸು ಇಪ್ಪತ್ತಾರು. ಕಾಕನ ಸೊಂಟಕ್ಕೆ ಕಟ್ಟಿದ ಹಗ್ಗದ ಮೇಲಿನ ತುದಿಯನ್ನು ಹಿಡಿದು ದಂಡೆಯಲ್ಲಿ ನಿಲ್ಲುವುದು ಅವನ ಕೆಲಸ. ಕದಡಿದ ಹೊಂಡದಲ್ಲಿ ಒಂದು ಗೇಣು ದೂರದ ಕೈಯೂ ಕಾಣುವುದಿಲ್ಲ, ಎಲ್ಲವೂ ತಡಕಾಟ. ಹಗ್ಗವೊಂದೇ ಮಾತು. ಒಮ್ಮೆ ಎಳೆದರೆ ‘ಸುಖವಾಗಿದ್ದೇನೆ’ ಎಂದೂ, ಮೇಲಿಂದ ಮೇಲೆ ಎಳೆದರೆ ‘ಮೇಲಕ್ಕೆ ಎಳೆ’ ಎಂದೂ ಅವರಿಬ್ಬರೊಳಗಿನ ಸಂಕೇತ.

2023ರ ಬೇಸಗೆಯಲ್ಲಿ ಒಂದು ಕೃಷಿಹೊಂಡದಲ್ಲಿ ಹಗ್ಗ ಹಾಗೆ ಮೇಲಿಂದ ಮೇಲೆ ಜಗ್ಗಿತು. ನಾಲ್ಕು ಮೀಟರು ಆಳದಲ್ಲಿ ರೆಗ್ಯುಲೇಟರು ತಡೆಯಿಲ್ಲದೆ ಗಾಳಿಯನ್ನು ಸುರಿಯತೊಡಗಿತ್ತು. ನೀರೆಲ್ಲ ಕುದಿಯುವ ಎಸರಿನಂತಾಯಿತು. ಅನುಭವಸ್ಥನಾದ್ದರಿಂದ ಅವನು ಗಾಬರಿಗೊಳ್ಳದೆ, ಆ ರಭಸದ ಗಾಳಿಯನ್ನೇ ತುಟಿಯಂಚಿನಿಂದ ಕುಡಿಯುತ್ತ ಮೇಲೆ ಬಂದನು. ಬಂದು ನೋಡಿದರೆ ಸಿಲಿಂಡರು ಬಹುಮಟ್ಟಿಗೆ ಬರಿದಾಗಿತ್ತು. ಅಂದು ಇನ್ನೊಮ್ಮೆ ಇಳಿಯುವಂತಿರಲಿಲ್ಲ. ದಂಡೆಯಲ್ಲಿ ಒಬ್ಬ ತಾಯಿ ಕುಳಿತಿದ್ದಳು. ಮಗುವಿನ ದೇಹ ದೊರೆತದ್ದು ಮರುದಿನ ಬೆಳಿಗ್ಗೆ, ಹೊಂಡದ ನೀರನ್ನೆಲ್ಲ ಪಂಪು ಹಚ್ಚಿ ಎತ್ತಿಸಿದ ಮೇಲೆ.

ಅವನ ಜೀವಕ್ಕೆ ಅಪಾಯವಾಗಲಿಲ್ಲ, ನಿಜ. ಆದರೆ ಆ ಒಂದು ರಾತ್ರಿಯನ್ನು ಆ ತಾಯಿ ಹೇಗೆ ಕಳೆದಿದ್ದಾಳೆಂಬುದನ್ನು ನೆನೆದು ಅವನಿಗೆ ನಿದ್ರೆ ಬರಲಿಲ್ಲ.

ಈ ಯಂತ್ರದ ಮರ್ಮವನ್ನು ಇಲ್ಲಿ ಸ್ವಲ್ಪ ತಿಳಿಯುವುದು ಒಳ್ಳೆಯದು. ಪತ್ರಿಕೆಗಳಲ್ಲಿ ‘ಆಮ್ಲಜನಕದ ಸಿಲಿಂಡರು ಕಟ್ಟಿಕೊಂಡು ಮುಳುಗಿದರು’ ಎಂದು ಬರೆಯುವುದುಂಟು. ಅದು ತಪ್ಪು. ಅದರಲ್ಲಿರುವುದು ನಾವು ನೀವು ಉಸಿರಾಡುವ ಸಾಮಾನ್ಯ ಗಾಳಿಯೇ. ಶುದ್ಧಗೊಳಿಸಿ ಒತ್ತಿ ತುಂಬಿದ್ದು, ಅಷ್ಟೆ. ಬರಿಯ ಆಮ್ಲಜನಕವನ್ನು ಆರೇಳು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಮೈ ಸೆಟೆಯುವ ಭಯವುಂಟು. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ ವಾಯುಮಂಡಲದ ಇನ್ನೂರು ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ಅದು ಸುಮಾರು 2,400 ಲೀಟರ್ ಗಾಳಿಗೆ ಸಮ. ಮನುಷ್ಯ ಮಿನಿಟಿಗೆ ಇಪ್ಪತ್ತು ಲೀಟರ್ ಉಸಿರಾಡುತ್ತಾನೆಂದಿಟ್ಟುಕೊಂಡರೆ ನೆಲದ ಮೇಲೆ ಅದು ಎರಡು ಗಂಟೆಗೆ ಸಾಲುತ್ತದೆ. ನೀರಿನಲ್ಲಿ ಹತ್ತು ಮೀಟರು ಇಳಿದಂತೆಲ್ಲ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಹತ್ತು ಮೀಟರಿನಲ್ಲಿ ಅದೇ ಗಾಳಿ ಒಂದು ಗಂಟೆಗೆ, ಇಪ್ಪತ್ತು ಮೀಟರಿನಲ್ಲಿ ನಲವತ್ತು ಮಿನಿಟಿಗೆ. ಅದರಲ್ಲಿಯೂ ಕಾಲುಭಾಗವನ್ನು ಆಪತ್ಕಾಲಕ್ಕೆಂದು ಮುಟ್ಟದೆ ಇಡಬೇಕು.

ಇನ್ನೂರು ಪಟ್ಟು ಒತ್ತಡದ ಗಾಳಿಯನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶ ಸಿಡಿದುಹೋದೀತು. ಅದನ್ನು ಪಳಗಿಸುವುದೇ ರೆಗ್ಯುಲೇಟರು. ಸಿಲಿಂಡರಿನ ಬಾಯಿಗೆ ತಿರುಚಿದ ಮೊದಲ ಹಂತದಲ್ಲಿ ಒತ್ತಡ ಇನ್ನೂರರಿಂದ ಹತ್ತರ ಸುಮಾರಿಗೆ ಇಳಿಯುತ್ತದೆ. ಬಾಯಿಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತದಲ್ಲಿ ಅದು ಸುತ್ತಣ ನೀರಿನ ಒತ್ತಡಕ್ಕೆ ಸಮನಾಗುತ್ತದೆ. ಉಸಿರೆಳೆದಾಗ ರಬ್ಬರಿನ ಒಂದು ತೆಳುಪೊರೆ ಒಳಕ್ಕೆ ಬಾಗಿ ಸನ್ನೆಯೊಂದನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ. ಎಳೆಯುವುದನ್ನು ನಿಲ್ಲಿಸಿದರೆ ಮುಚ್ಚುತ್ತದೆ. ಫ್ರಾನ್ಸಿನ ಕುಸ್ತೋ ಎಂಬ ನೌಕಾಧಿಕಾರಿಯೂ ಗಾನ್ಯಾನ್ ಎಂಬ ಇಂಜಿನಿಯರನೂ 1943ರಲ್ಲಿ ಇದನ್ನು ರೂಪಿಸಿದರು. ಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗದೆ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಾಗ ಗಾನ್ಯಾನ್ ಮಾಡಿದ್ದ ಕವಾಟವೇ ಇದಕ್ಕೆ ಮೂಲ. ಮೋಟಾರಿಗೆ ಉಸಿರು ಕೊಟ್ಟದ್ದು ಮನುಷ್ಯನಿಗೂ ಉಸಿರು ಕೊಟ್ಟಿತು.

ಇದರ ರಚನೆಯಲ್ಲಿ ಒಂದು ಕರುಣೆಯಿದೆ. ಕವಾಟ ಸವೆದರೆ ಅದು ಸಾಮಾನ್ಯವಾಗಿ ಮುಚ್ಚಿಕೊಂಡು ಉಸಿರು ಕಟ್ಟುವುದಿಲ್ಲ. ತೆರೆದುಕೊಂಡು ಗಾಳಿಯನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಸುರಿಸುತ್ತದೆ. ಆದರೆ ಹಾಗೆ ಸುರಿಯತೊಡಗಿದರೆ ತುಂಬಿದ ಸಿಲಿಂಡರೂ ಕೆಲವೇ ಮಿನಿಟುಗಳಲ್ಲಿ ಬರಿದಾಗುತ್ತದೆ. ಕೃಷಿಹೊಂಡದಲ್ಲಿ ಆದದ್ದು ಇದೇ.

ಅದಾದ ನಾಲ್ಕನೆಯ ದಿನ ಸೋಮವಾರ. ಕಾಕನೂ ಮಗನೂ ಮಹಾಕೂಟಕ್ಕೆ ಬಂದು, ಪುಷ್ಕರಣಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ಕೊಳದಲ್ಲಿ ಹುಡುಗರ ಗದ್ದಲ. ಮಾತು ತೆಗೆದವನು ಮಗ.

“ಕಾಕಾ, ಆ ಪೆಟಗಿ ಇನ್ನ ಸಾಕ ಮಾಡ್ರಿ. ಹೊಸಾದು ತರೂಣು.”

“ಯಾಕಪಾ ತಮ್ಮಾ? ಒಂದ ಸಲ ಗಾಳಿ ಸುರೀತು ಅಂತ ಒಗದ ಬಿಡಬೇಕೇನು? ಬಿಚ್ಚಿ ತೊಳದು ವಾಷರ್ ಬದಲ ಮಾಡಿದ್ರ ಮುಗೀತು. ಹಿತ್ತಾಳಿ ಐತಿ ಅದು. ನಿನ್ನ ಕಾಲಕ್ಕೂ ಸಾಯೂದಿಲ್ಲ.”

“ಹಿತ್ತಾಳಿ ಸಾಯೂದಿಲ್ರಿ, ಮನಶ್ಯಾ ಸಾಯ್ತಾನು.”

“ಹೊಸಾದಕ ರೊಕ್ಕ ಎಷ್ಟ ಗೊತ್ತೈತೇನು? ಹೋರಿ ಮಾರಬೇಕಾದೀತು. ಮತ್ತ ಹೊಸಾದು ಅಂದ ಕೂಡ್ಲೆ ಕೆಡೂದಿಲ್ಲಂತ ಯಾರು ಬರದ ಕೊಟ್ಟಾರು? ಬರೂ ವರ್ಷ ಅದನೂ ಬಿಚ್ಚಿ ತೊಳೀಬೇಕು.”

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ನೀರಿನ ಕಡೆ ನೋಡುತ್ತಲೇ ಹೇಳಿದನು: “ಒಳಗ ಇಳಿಯಾವ್ರು ನೀವು ಖರೆ. ಹಗ್ಗ ಹಿಡದ ಮ್ಯಾಲ ನಿಂತಾವ ನಾನು. ಅವತ್ತು ಹಗ್ಗ ಜಗ್ಗಿದಾಗ ನನ್ನ ಎದಿಯೊಳಗ ಏನಾತು ಅನ್ನೂದು ನಿಮಗ ಗೊತ್ತಿಲ್ಲ. ಕಾಕೂಗ ಏನ ಹೇಳ್ಲಿ ಅಂತನ ಮದಲ ನೆನಪಾತು.”

ಕಾಕ ಉತ್ತರ ಕೊಡಲಿಲ್ಲ. ಮಗ ಮುಂದುವರಿಸಿದನು: “ಇನ್ನೊಂದ ಮಾತು. ನಿಮಗ ಐವತ್ತೈದು ದಾಟಿತು. ಮುಂದ ಈ ಕೆಲಸಾ ನಂಗ ಕಲಸ್ತೀನಿ ಅಂದೀರಲ್ಲ. ನನ್ನ ಬಾಯಾಗ ಅದನ್ನ ಇಡತೀರೇನು?”

ಪ್ರಶ್ನೆ ಅಲ್ಲಿಗೆ ಬೇರೆಯಾಯಿತು. ಅಷ್ಟು ಹೊತ್ತು ಅವನು ತನ್ನ ಉಸಿರಿನ ಲೆಕ್ಕವನ್ನು ಹಾಕುತ್ತಿದ್ದನು. ತನ್ನ ಯಂತ್ರದ ಚಾಳಿ ತನಗೆ ತಿಳಿದಿದೆ. ಎಲ್ಲಿ ಸಿಳ್ಳು ಹಾಕುತ್ತದೆ, ಎಲ್ಲಿ ಮುನಿಯುತ್ತದೆ, ಹೇಗೆ ರಮಿಸಬೇಕು ಎಂಬುದೆಲ್ಲ ಇಪ್ಪತ್ತು ವರ್ಷದ ಒಡನಾಟದಿಂದ ಬಂದ ಜಾಣ್ಮೆ. ಆದರೆ ಒಡೆಯನ ಜಾಣ್ಮೆಯಿಂದ ಮಾತ್ರ ನಡೆಯುವ ಯಂತ್ರ ಸುಸ್ಥಿತಿಯಲ್ಲಿದೆಯೆಂದು ಹೇಳಬಹುದೇ? ಹಳೆಯ ಎತ್ತು ತನ್ನ ಒಡೆಯನಿಗೆ ಮಾತ್ರ ಹಾಯುವುದಿಲ್ಲವೆಂದರೆ ಅದನ್ನು ಸಾಧುವೆಂದು ಸಂತೆಯಲ್ಲಿ ಮಾರಲಾದೀತೇ? ತಾನು ಧೈರ್ಯವಾಗಿ ಕಚ್ಚಿಕೊಳ್ಳುವ ರೆಗ್ಯುಲೇಟರನ್ನು ಈ ಹುಡುಗನ ಬಾಯಿಗೆ ಇಡುವುದಕ್ಕೆ ಕೈ ಬರುವುದಿಲ್ಲವೆಂಬುದು ಅವನಿಗೆ ಆ ಕ್ಷಣದಲ್ಲಿಯೇ ಸ್ಪಷ್ಟವಾಯಿತು.

ಹಾಗೆಂದು ಪೆಟ್ಟಿಗೆಯನ್ನೇ ಎತ್ತಿ ಗುಜರಿಗೆ ಹಾಕುವುದೂ ವಿವೇಕವಲ್ಲ. ಮರುದಿನ ಪಡಸಾಲೆಯಲ್ಲಿ ಹಳೆಯ ಧೋತರವನ್ನು ಹಾಸಿ, ಒಂದೊಂದನ್ನೇ ಹೊರಗಿಟ್ಟು, ಇಬ್ಬರೂ ಪರೀಕ್ಷೆಗೆ ಕುಳಿತರು. ಹಳೆಯ ಸಾಧನಗಳನ್ನು ಇಟ್ಟುಕೊಂಡವರೆಲ್ಲರೂ ಮಾಡಬಹುದಾದ ಪರೀಕ್ಷೆ ಅದು.

ಮೊದಲು ರೆಗ್ಯುಲೇಟರು. ಅದರ ಬಾಯಿಯಲ್ಲಿ ಬಟಾಣಿಯಷ್ಟು ಅಗಲದ ಒಂದು ಲೋಹದ ಜರಡಿಯಿದೆ. ಅದರ ಬಣ್ಣವೇ ಒಂದು ಜಾತಕ. ಹಸಿರಾಗಿದ್ದರೆ ಒಳಕ್ಕೆ ನೀರು ಹೊಕ್ಕು ಹಿತ್ತಾಳೆ ಕಿಲುಬುಗಟ್ಟಿದೆ. ಕೆಂಪಾಗಿದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು ಬಂದು ಸೇರಿದೆ. ಕಪ್ಪಾಗಿದ್ದರೆ ಗಾಳಿ ತುಂಬಿದ ಯಂತ್ರದ ಮಸಿ ಸೇರಿದೆ. ಇಲ್ಲಿ ಅಂಚಿನಲ್ಲಿ ಮಾತ್ರ ತುಸು ಹಸಿರು ಇತ್ತು. ಎರಡನೆಯದು ಇನ್ನೂ ಸುಲಭದ ಪರೀಕ್ಷೆ: ಸಿಲಿಂಡರಿಗೆ ಜೋಡಿಸದೆ, ಮೊದಲ ಹಂತದ ಬಾಯಿಗೆ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಬಾಯಲ್ಲಿಟ್ಟು ಮೆಲ್ಲಗೆ ಉಸಿರೆಳೆಯುವುದು. ಗಾಳಿ ಬಾರದೆ ಹಿಡಿದುಕೊಂಡರೆ ಪೊರೆಯೂ ಉಸಿರು ಬಿಡುವ ಕವಾಟವೂ ಸರಿಯಿವೆ. ಸುಳಿದು ಬಂದರೆ ಎಲ್ಲಿಯೋ ತೂತಿದೆ, ನೀರಿನಲ್ಲಿ ಅಲ್ಲಿಂದಲೇ ನೀರು ಬಂದೀತು. ಇಲ್ಲಿ ಸ್ವಲ್ಪ ಸುಳಿಯಿತು.

ಆಮೇಲೆ ರಬ್ಬರಿನ ಹೋಸುಗಳು. ಮೇಲೆ ನೋಡಿದರೆ ನುಣ್ಣಗಿದ್ದವು. ಆದರೆ ಎರಡೂ ತುದಿಗಳಲ್ಲಿ ರಕ್ಷಣೆಗೆಂದು ಹಾಕಿದ ಕೊಳವೆಗಳನ್ನು ಹಿಂದಕ್ಕೆ ಸರಿಸಿ ಬಗ್ಗಿಸಿದಾಗ, ಲೋಹವೂ ರಬ್ಬರೂ ಕೂಡುವ ಸಂಧಿಯಲ್ಲಿ ಕಾಗೆಕಾಲಿನಂಥ ಬಿರುಕುಗಳು ಕಂಡವು. ರಕ್ಷಣೆಗೆಂದು ಹಾಕಿದ್ದೇ ದೋಷವನ್ನು ಮುಚ್ಚಿಟ್ಟಿತ್ತು. ಜಾಕೀಟಿಗೆ ಗಾಳಿ ಊದಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಅದು ಸೊರಗಿ ಮಲಗಿತ್ತು. ಒಳಚೀಲದಲ್ಲಿ ನೇತ್ರಾಣಿಯ ಉಪ್ಪು ಹರಳುಗಟ್ಟಿ, ಮಡಿಕೆಗಳಲ್ಲಿ ಬಟ್ಟೆಯನ್ನು ಕೊರೆದಿತ್ತು.

“ಹನ್ನೆರಡ ವರ್ಷದಾಗ ಇದನ್ನ ಎಷ್ಟ ಸಲ ಹಾಕೊಂಡೇನಿ? ಹೆಚ್ಚಂದ್ರ ಮೂವತ್ತ ಸಲ” ಎಂದು ಕಾಕ ಗೊಣಗಿದನು. ಬಹುಮಂದಿ ಎಡವುವುದು ಇಲ್ಲಿಯೇ. ಬಳಸದೆ ಇಟ್ಟದ್ದು ಸವೆಯುವುದಿಲ್ಲ, ಆದ್ದರಿಂದ ಹೊಸದರಂತೆಯೇ ಇದೆ ಎಂಬ ಭ್ರಮೆ. ಲೋಹಕ್ಕೆ ಸವೆತ ಶತ್ರುವಾದರೆ ರಬ್ಬರಿಗೆ ಕಾಲವೇ ಶತ್ರು. ಸುಮ್ಮನೆ ಕುಳಿತ ಓ-ರಿಂಗು ಒತ್ತಿದ ಆಕಾರದಲ್ಲಿಯೇ ಗಡುಸಾಗುತ್ತದೆ; ಅದಕ್ಕೆ ಸವರಿದ ಗ್ರೀಸು ಒಣಗುತ್ತದೆ. ತಯಾರಕರಲ್ಲಿ ಹೆಚ್ಚಿನವರು ವರ್ಷಕ್ಕೊಮ್ಮೆ ಅಥವಾ ನೂರು ಮುಳುಗಿಗೊಮ್ಮೆ, ಯಾವುದು ಮೊದಲೋ ಆಗ, ತಪಾಸಣೆ ಮಾಡಿಸಬೇಕೆನ್ನುವುದು ಇದೇ ಕಾರಣದಿಂದ.

ಕಡೆಗೆ ಸಿಲಿಂಡರು. ನೋಡಲು ಅದೇ ಎಲ್ಲಕ್ಕಿಂತ ಗಟ್ಟಿ. ಅದರ ಹೆಗಲ ಮೇಲೆ ಅಕ್ಷರಗಳನ್ನು ಕೊರೆದಿರುತ್ತಾರೆ: ತಯಾರಾದ ತಿಂಗಳು, ವರ್ಷ, ಒತ್ತಡದ ಮಿತಿ, ಪರೀಕ್ಷೆಯಾದ ತಾರೀಖುಗಳು. ಶಾಸನ ಓದುವವನಂತೆ ಮಗ ಸೀಮೆಸುಣ್ಣ ಸವರಿ ಓದಿದನು. 1986 ಎಂದಿತ್ತು. ಕಾಕ ಸುಮ್ಮನಾದನು, ಆ ವರ್ಷದ ಅರ್ಥ ಅವನಿಗೆ ತಿಳಿದಿತ್ತು. ಆ ಕಾಲದ ಅಲ್ಯುಮಿನಿಯಂ ಸಿಲಿಂಡರುಗಳಲ್ಲಿ ಅನೇಕವನ್ನು 6351 ಎಂಬ ಸಂಖ್ಯೆಯ ಮಿಶ್ರಲೋಹದಿಂದ ಮಾಡುತ್ತಿದ್ದರು. ವರ್ಷಗಟ್ಟಲೆ ಒತ್ತಡವನ್ನು ಹೊತ್ತುಕೊಂಡಿದ್ದರೆ ಆ ಲೋಹದಲ್ಲಿ, ಕುತ್ತಿಗೆಯ ತಿರುಪಿನ ಬಳಿ, ಕಣ್ಣಿಗೆ ಕಾಣದ ಬಿರುಕುಗಳು ಬೆಳೆಯಬಲ್ಲವು. ಅಂಥ ಕೆಲವು ಸಿಲಿಂಡರುಗಳು ಗಾಳಿ ತುಂಬುವಾಗ ಸಿಡಿದು ಪ್ರಾಣಹಾನಿಯೂ ಆಗಿದೆ. ಅಮೆರಿಕದಲ್ಲಿ ಅವುಗಳ ಕುತ್ತಿಗೆಯನ್ನು ವಿದ್ಯುತ್ ಸುಳಿಯ ಉಪಕರಣದಿಂದ ಪರೀಕ್ಷಿಸಬೇಕೆಂಬ ನಿಯಮವೇ ಬಂದಿತು. ತಯಾರಕರು ಲೋಹವನ್ನೇ ಬದಲಿಸಿದರು. ಸಿಲಿಂಡರು ಸಿಡಿದರೆ ಸಾಯುವವನು ಮುಳುಗುವವನಲ್ಲ; ಎಲ್ಲಿಯೋ ಕಡಲತೀರದ ಅಂಗಡಿಯಲ್ಲಿ ಅದಕ್ಕೆ ಗಾಳಿ ತುಂಬುವ ಬಡ ಹುಡುಗ. ನಮ್ಮ ದೇಶದಲ್ಲಿಯೂ 2016ರ ಗ್ಯಾಸ್ ಸಿಲಿಂಡರ್ ನಿಯಮಾವಳಿಯಂತೆ, ಅವಧಿ ಮೀರಿದ ಸಿಲಿಂಡರನ್ನು ನೀರಿನ ಒತ್ತಡದ ಪರೀಕ್ಷೆಗೆ ಒಡ್ಡದೆ ತುಂಬುವಂತಿಲ್ಲ. ನೀರನ್ನೇ ಏಕೆ ಬಳಸುತ್ತಾರೆಂದರೆ, ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ. ಪರೀಕ್ಷೆಯಲ್ಲಿ ಸಿಲಿಂಡರು ಸೀಳಿದರೂ ಬಾಂಬಿನಂತೆ ಸಿಡಿಯುವುದಿಲ್ಲ.

ಲೆಕ್ಕ ಹೀಗೆ ಇತ್ಯರ್ಥವಾಯಿತು. ರೆಗ್ಯುಲೇಟರಿನ ಒಡಲು ಗಟ್ಟಿಯಾಗಿದೆ, ಬಿಡಿಭಾಗಗಳು ಇನ್ನೂ ದೊರೆಯುತ್ತವೆ. ಅದು ಸರ್ವೀಸಿಗೆ ಹೋಗಲಿ. ಬಿಡಿಭಾಗ ನಿಂತುಹೋದ ಯಂತ್ರವಾಗಿದ್ದರೆ ಎಷ್ಟೇ ಚೆಂದವಿದ್ದರೂ ಅದಕ್ಕೆ ವಿದಾಯ ಹೇಳಬೇಕಾಗುತ್ತಿತ್ತು. ಹೋಸುಗಳು ಹೊಸವಾಗಲಿ. ಜಾಕೀಟು ಹೊಸದಾಗಲಿ. ಸಿಲಿಂಡರು ಹೋಗಲಿ, ಬೇರೊಂದು ಬರಲಿ. ಮಾಸ್ಕಿನ ಗಾಜೂ ಸಿಲಿಕೋನಿನ ಅಂಚೂ ಸರಿಯಿವೆ, ಪಟ್ಟಿ ಮಾತ್ರ ಬದಲಾಗಲಿ. ಕಾಲಿನ ರೆಕ್ಕೆಗಳು ಇದ್ದಂತೆಯೇ ಇರಲಿ. ಅವು ತುಂಡಾದರೆ ಕಾಲು ನೋಯಬಹುದು, ಪ್ರಾಣ ಹೋಗದು. ಎಲ್ಲಿ ಕೆಟ್ಟರೆ ಬರಿಯ ತೊಂದರೆಯೋ ಅಲ್ಲಿ ಹಳೆಯದನ್ನು ಎಳೆದಾಡಬಹುದು. ಎಲ್ಲಿ ಕೆಟ್ಟರೆ ಪ್ರಾಣಕ್ಕೇ ಕುತ್ತೋ ಅಲ್ಲಿ ಅಭಿಮಾನಕ್ಕೆ ಎಡೆಯಿಲ್ಲ. ಒಟ್ಟು ಖರ್ಚು ಹೋರಿಯ ಬೆಲೆಯಷ್ಟಾಗಲಿಲ್ಲ. ಆದರೆ ಹೋರಿಯ ಮೇವಿಗೆಂದು ಇಟ್ಟದ್ದೂ, ಮಗನ ಎರಡು ತಿಂಗಳ ಸಂಬಳದಲ್ಲಿ ಮಿಕ್ಕಿದ್ದೂ ಸೇರಬೇಕಾಯಿತು. ಕಾಕೂ ಮಾತ್ರ ಖರ್ಚಿನ ಬಗ್ಗೆ ಚಕಾರವೆತ್ತಲಿಲ್ಲ. “ಬೋರಮಾಳ ಒತ್ತಿ ಇಡ್ರಿ ಅಂದ್ರೂ ಇಡ್ತಿದ್ನಿ” ಎಂದಳಂತೆ.

ವಿಚಾರ ಮಾಡಿದರೆ ಮಹಾಕೂಟವೂ ಇದನ್ನೇ ಹೇಳುತ್ತದೆ. ಪುಷ್ಕರಣಿಯ ಕಲ್ಲುಕಟ್ಟಡ ಹಳೆಯದು. ನೀರು ದಿನದಿನಕ್ಕೂ ಹೊಸದು. ನೀರನ್ನು ಹಳೆಯದಾಗಿಸಿ ಕಟ್ಟೆಯನ್ನು ಹೊಸದು ಮಾಡಿದ್ದರೆ ಅಲ್ಲಿ ಪಾಚಿ ಮಾತ್ರ ಉಳಿಯುತ್ತಿತ್ತು. ಮಂಗಳೇಶನು 602ರ ಸುಮಾರಿಗೆ ಇಲ್ಲಿ ನಿಲ್ಲಿಸಿದ ಶಾಸನಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಇಲ್ಲಿಯ ದೇವರಿಗೆ ಹತ್ತು ಹಳ್ಳಿಗಳನ್ನು ದತ್ತಿಯಾಗಿ ಬಿಟ್ಟ ಸಂಗತಿ ಅದರಲ್ಲಿದೆ. ಗುಡಿಯನ್ನು ಒಮ್ಮೆ ಕಟ್ಟಿಸಿದರೆ ಮುಗಿಯಿತು; ಹಳ್ಳಿಗಳ ಉತ್ಪನ್ನವೇಕೆ? ಕನ್ನಡ ನಾಡಿನ ಎಷ್ಟೋ ದತ್ತಿಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಬರುತ್ತದೆ. ಒಡೆದದ್ದು, ಬಿರಿದದ್ದು, ಜೀರ್ಣವಾದದ್ದು, ಇವುಗಳನ್ನು ಸರಿಪಡಿಸಲು ಶಾಶ್ವತವಾದ ಆದಾಯವಿರಬೇಕೆಂದು ಹಿಂದಿನವರು ಅರಿತಿದ್ದರು. ಕಟ್ಟಿಸುವುದು ಒಂದು ದಿನದ ಉತ್ಸಾಹ. ಕಾಪಾಡುವುದು ಪ್ರತಿವರ್ಷದ ಖರ್ಚು. ಹೊಸದನ್ನು ಕೊಂಡರೂ ಆ ಖರ್ಚು ತಪ್ಪದು. ಹಳೆಯದನ್ನು ಇಟ್ಟುಕೊಂಡರೂ ತಪ್ಪದು. ಹಳೆಯದೋ ಹೊಸದೋ ಎಂದು ವಾದಿಸುವವರು ಅನೇಕ ವೇಳೆ ಈ ಖರ್ಚನ್ನು ತಪ್ಪಿಸಿಕೊಳ್ಳುವ ದಾರಿಯನ್ನು ಹುಡುಕುತ್ತಿರುತ್ತಾರಷ್ಟೆ.

ರೆಗ್ಯುಲೇಟರು ಕರಾವಳಿಯ ಒಬ್ಬ ಕುಶಲಿಯ ಕೈಗೆ ಹೋಗಿ ಮೂರು ವಾರಗಳಲ್ಲಿ ಬಂದಿತು. ತೆಗೆದುಹಾಕಿದ ಹಳೆಯ ಓ-ರಿಂಗುಗಳನ್ನೂ ಸವೆದ ಕವಾಟದ ಆಸನವನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಅವನು ಜೊತೆಗೆ ಕಳುಹಿಸಿದ್ದನು. ಪ್ರಾಮಾಣಿಕನಾದ ಕೆಲಸಗಾರನ ಗುರುತು ಅದು. ಆಸನದ ಮೇಲೆ ಉಗುರಿನಿಂದ ಕೀರಿದಂಥ ಒಂದು ಉಂಗುರದ ಗೆರೆ. ಅಷ್ಟು ಸಣ್ಣ ಗೆರೆಗಾಗಿ ಒಬ್ಬ ತಾಯಿ ಒಂದು ರಾತ್ರಿ ದಂಡೆಯಲ್ಲಿ ಕಾದಿದ್ದಳು.

ಹಳೆಯ ಸಿಲಿಂಡರಿನ ಗಾಳಿಯನ್ನು ಪೂರ್ತಿಯಾಗಿ ಬಿಟ್ಟು, ಕವಾಟವನ್ನು ಬಿಚ್ಚಿ, ಬಾಗಲಕೋಟೆಯ ಒಂದು ವರ್ಕ್‌ಶಾಪಿನಲ್ಲಿ ಅದನ್ನು ಅಡ್ಡಲಾಗಿ ಕೊಯ್ಯಿಸಿದರು. ಯಾರ ಕೈಗಾದರೂ ಸಿಕ್ಕಿ ಮತ್ತೆ ಗಾಳಿ ತುಂಬುವಂತಾಗಬಾರದಲ್ಲ! ಮೇಲಿನ ಅರ್ಧ ಈಗ ವ್ಯಾಯಾಮ ಶಿಕ್ಷಕನ ಶಾಲೆಯಲ್ಲಿ ಗಂಟೆಯಾಗಿ ತೂಗುತ್ತಿದೆ. ನಾದ ಸೊಗಸಾಗಿದೆಯೆಂದು ಹೇಳುತ್ತಾರೆ.

ಸರ್ವೀಸಾಗಿ ಬಂದ ಯಂತ್ರವನ್ನು ಕೂಡಲೇ ಆಳಕ್ಕೆ ಒಯ್ಯಬಾರದೆಂಬುದು ಬಲ್ಲವರ ಮಾತು. ಕೂಡಿಸುವಾಗ ತಪ್ಪಾಗಿದ್ದರೆ ಅದು ಮೊದಲ ಮುಳುಗಿನಲ್ಲಿಯೇ ತೋರುತ್ತದೆ. ಊರ ಹೊರಗಿನ ತೋಟದ ಬಾವಿಯಲ್ಲಿ, ಎದೆಯುದ್ದದ ನೀರಿರುವ ಮೆಟ್ಟಿಲಿನ ಮೇಲೆ, ಕಾಕನೇ ಮೊದಲು ಅದನ್ನು ಕಚ್ಚಿ ಹದಿನೈದು ಮಿನಿಟು ಕುಳಿತನು. ಆಮೇಲೆ ಎದ್ದು, ತೊಳೆದು, ಮಗನ ಬಾಯಿಗೆ ಇಟ್ಟನು. ಹಗ್ಗದ ತುದಿ ಈಗ ಕಾಕನ ಕೈಯಲ್ಲಿತ್ತು. ನೀರೊಳಗಿನಿಂದ ಗುಳ್ಳೆಗಳು ಒಂದೇ ಹದದಲ್ಲಿ ಏಳುತ್ತಿದ್ದವು. ಹಗ್ಗ ಒಮ್ಮೆ ಜಗ್ಗಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಕೈಯಲ್ಲಿ ಹಗ್ಗ ಹಿಡಿದು ದಂಡೆಯಲ್ಲಿ ನಿಂತವನ ಎದೆಯೊಳಗೆ ಏನಾಗುತ್ತದೆಂಬುದನ್ನು ಹಳೆಯ ಮುಳುಗುಗಾರನು ಐವತ್ತೈದು ದಾಟಿದ ಮೇಲೆ ಅಂದು ಮೊದಲ ಬಾರಿಗೆ ತಿಳಿದನು.

ಮನೆಗೆ ಬಂದವನೇ ಗೋಡೆಯ ಕ್ಯಾಲೆಂಡರಿನ ಕಡೆಯ ಹಾಳೆಯನ್ನು ಮೇಲಕ್ಕೆತ್ತಿ, ಮುಂದಿನ ವರ್ಷದ ಸರ್ವೀಸಿನ ತಾರೀಖನ್ನು ಪೆನ್ಸಿಲಿನಿಂದಲ್ಲ, ಮಸಿಯಿಂದ ಬರೆದನು. ಅದರ ಕೆಳಗೆ ಹಣದ ಮೊತ್ತವನ್ನೂ ಬರೆದನು. ತಿಂಗಳಿಗೆ ಇಷ್ಟರಂತೆ ಆ ಹಣವನ್ನು ಕೂಡಿಡುವ ಡಬ್ಬಿಯ ಬೀಗದಕೈ ಕಾಕೂನ ಸೊಂಟದಲ್ಲಿದೆ.